ಚಂದಮ್ಮನ ಕಡೀ ಮುಖ

ಆ ಕದಾ ಜರಾ ಮುಂದ ಮಾಡು ಬೇ ಮಲ್ಕಮ್ಮ. ಪೂರಾ ಹಾಕಬ್ಯಾಡ, ಜಳ ಆಗ್ತದ. ಹಾಂ, ಅಷ್ಟು ಸಾಕು. ಇನ್ನ ನಡಕ ಯಾರೂ ಬಾಯಿ ಹಾಕಬ್ಯಾಡ್ರಿ. ನಾ ಹೇಳೂದು ಕತಿ ಅಲ್ಲ. ನಮ್ಮ ಸಣ್ಣಪ್ಪನ ಮಗ ಶಾಂತಲಿಂಗಪ್ಪಗ ಆದದ್ದು, ಅದರಾಗ ಅರ್ಧಾ ನನ್ನ ಕಣ್ಣ ಮುಂದ ಆದದ್ದು. ನಂಬಾವರು ಕುಂದುರ್ರಿ. ನಗಾವರು ಈಗೇ ಎದ್ದು ಹೋಗಿ ಮಲಗ್ರಿ.

ಹೋದ ವರ್ಷ, ತೊಂಬತ್ತೆಂಟನೇ ಇಸವಿ. ಜೇವರ್ಗಿ. ರಾತ್ರಿ ಒಂದೂವರಿ ಆಗಿರಬೇಕು. ಶಾಂತಲಿಂಗಪ್ಪ ತನ್ನ ಸ್ಟುಡಿಯೋ ಬಂದ್ ಮಾಡಿ ಮನಿಗಿ ನಡಕೋತ ಹೊಂಟಾನ. ಹೆಗಲಿಗಿ ಒಂದು ಚೀಲ. ಚೀಲದಾಗ ಅವನ ಹಾರ್ಡ್ ಡಿಸ್ಕು. ದಾರ್ಯಾಗ ಒಂದು ಹಾಳ ಭಾವಿ ಬರ್ತದ. ಅದರ ಹತ್ರ ಬರೂದ್ರಾಗ… ಚೀಲದಾಗಿಂದ ಸಪ್ಪಳ ಬಂತು.

ಕಟ್… ಕಟ್… ಕರ್ರ್ರ್.

ಅಂವ ನಿಂತ. ಅದು ಏನು ಸಪ್ಪಳ ಅಂತ ಅವಗ ಗೊತ್ತದ, ದಿನಾ ಕೇಳಾಂವ. ಡಿಸ್ಕಿನೊಳಗ ಇಟ್ಟದ್ದನ್ನ ಮಷಿನ್ ಹುಡುಕುವಾಗ ಬರೂ ಸಪ್ಪಳ. ಆದ್ರ ಕರೆಂಟ್ ಇಲ್ಲದ ಹ್ಯಾಂಗ ಬರ್ತದ? ವೈರ್ ಬಿಚ್ಚಿ, ಸುತ್ತಿ ಚೀಲದಾಗ ಇಟ್ಟಾನ. ಚೀಲದ ಮ್ಯಾಲ ಕೈ ಇಟ್ಟು ನೋಡಿದ. ಒಳಗ ನಡಗಾಕತ್ತಿತ್ತು.

ಆವಾಗ ಹಿಂದಿನಿಂದ ಒಂದು ದನಿ. ಹೆಣ್ಣಿನ ದನಿ. ಕೆಳಗಿಂದ ಬಂತಂತ, ಅವನ ಮೊಳಕಾಲ ಹತ್ರದಿಂದ… ನೆಲದ ಮ್ಯಾಲ ಕುಂತವರು ಮಾತಾಡಿದಂಗ.

"ಅಣ್ಣಾರ… ನಮ್ಮವ್ವ ಬಂದಿದ್ಳೇನ್ರಿ?"

ಹೊಳ್ಳಿ ನೋಡಿದ. ಭಾವಿ ಕಟ್ಟಿ, ಜಾಲಿ ಕಂಟಿ. ಯಾರೂ ಇಲ್ಲ. ಬಾಯಿ ತಂತಾನೇ ಹೇಳ್ತಂತ, "ಬಂದಿದ್ಳು."

"ನನ್ನ ಮುಖಾ ನೋಡಿದ್ಳೇನ್ರಿ?"

ಇದಕ್ಕ ಅಂವ ಏನಂದ ಅನ್ನೂದು ಆಮ್ಯಾಲ ಹೇಳ್ತೇನಿ. ಮೊದಲ ಆಕಿ ಯಾರು, ಆಕಿ ಅವ್ವ ಯಾರು ಅನ್ನೂದು ನಿಮಗ ತಿಳೀಬೇಕು. ತಡೀರಿ, ಒಂದು ಗುಟುಕು ನೀರು ಕುಡೀತೇನಿ.

ಶಾಂತಲಿಂಗಪ್ಪಂದು ಬಸ್ ಸ್ಟ್ಯಾಂಡ್ ಹಿಂದ ವಿಡಿಯೋ ಸ್ಟುಡಿಯೋ. ಮದವಿ, ಕುಬಸ, ಮನಿ ಶಾಂತಿ, ಸತ್ತವರ ಮಣ್ಣು… ಯಾವದಕ್ಕ ಕರದ್ರೂ ಕ್ಯಾಮೆರಾ ಹೊತಗೊಂಡು ಹೊಂಡಾಂವ. ನಾ ಅದೇ ಓಣ್ಯಾಗ ಅಂಗನವಾಡಿ ನಡಸಾಕತ್ತಿದ್ದೆ. ಅವನ ಮನಿಗೂ ನಮ್ಮ ಮನಿಗೂ ನಡಕ ಒಂದೇ ಗ್ವಾಡಿ. ಕೆಟ್ಟಾಂವ ಅಲ್ಲ ಅಂವ. ಆಳಸಿ. ಯಾರು ಏನು ಕೇಳಿದ್ರೂ ನಾಳಿ ಬರ್ರಿ ಅಂತಿದ್ದ. ಕೆಟ್ಟವರಕಿಂತ ಇಂಥವರೇ ಭಾಳ ಹಾಳ ಮಾಡ್ತಾರ, ನಾ ನೋಡೀನಿ.

ಆ ವರ್ಷ ಸ್ಟುಡಿಯೋಕ್ಕ ಕಂಪ್ಯೂಟರ್ ಬಂತು. ಕ್ಯಾಸೆಟ್ಟಿನ್ಯಾಗಿನ ವಿಡಿಯೋ ಅದರಾಗ ಇಳಿಸೂದು, ಹೂವು ತಿರಗಸೂದು, ಹೆಸರು ಹಾರಸೂದು, ಹಾಡು ಹಚ್ಚೂದು. ಆದ್ರ ವಿಡಿಯೋ ಭಾಳ ಜಾಗಾ ತಿಂತದಂತ. ಕಂಪ್ಯೂಟರ್ ಒಳಗಿನ ಡಿಸ್ಕು ಸಣ್ಣದು. ಒಂದು ಮದವಿ ಇಳಿಸಾಕ ಹತ್ತಿದ್ರ ಅಕ್ಕಿಕಾಳು ಬೀಳೂದ್ರಾಗ ತುಂಬಿ ಹೋಗ್ತಿತ್ತು. ಅದಕ್ಕ ಹೈದರಾಬಾದಿಗಿ ಹೋಗಿ ಹೊರಗ ಹಚ್ಚೂ ಡಿಸ್ಕು ತಂದ. ಇಟ್ಟಂಗಿಯಷ್ಟು ದೊಡ್ಡದು, ಕಬ್ಬಣದ ಡಬ್ಬಿ. ಅದಕ್ಕ ಬ್ಯಾರೇ ಕರೆಂಟ್ ವೈರು, ಬ್ಯಾರೇ ಒಂದು ಸಣ್ಣ ಫ್ಯಾನು, ಬೆರಳು ದಪ್ಪ ಕೇಬಲ್ಲು. ಒಂಬತ್ತು ಜೀಬಿ ಅಕ್ಕಾ, ಒಂಬತ್ತು ಜೀಬಿ, ಅಂತ ನನ್ನ ಮುಂದ ಹತ್ತು ಸಲ ಹೇಳಿದ. ನನಗೇನು ಮಾಲೂಮ ಜೀಬಿ ಅಂದ್ರ? ಹೌದಪಾ ಅಂದೆ. ಕಳ್ಳರ ಅಂಜಿಕಿಗಿ ದಿನಾ ಅದನ್ನ ಬಿಚ್ಚಿ ಮನಿಗಿ ತರಾಂವ. ಹೆಂಡ್ತಿನ ಎಲ್ಲೆರೆ ಬಿಟ್ಟು ಬಂದಿ, ಡಬ್ಬಿ ಬಿಡಬ್ಯಾಡ ತಮ್ಮಾ ಅಂತ ನಾ ಚಾಷ್ಟಿ ಮಾಡ್ತಿದ್ದೆ.

ಹಗಲಾಗ ಕರೆಂಟೇ ಇರ್ತಿದ್ದಿಲ್ಲ. ರಾತ್ರಿ ಹತ್ತಕ್ಕ ಬರೂದು. ಅದಕ್ಕ ಅವನ ಕೆಲಸ ಎಲ್ಲ ರಾತ್ರಿ.

ಈಗ ಒಂದು ಮಾತು ನೆನಪ ಇಟ್ಟುಕೋರಿ. ಒಮ್ಮಿ ಡಿಸ್ಕಿನ್ಯಾಗ ಇಳಿಸಿದ ಅಂದ್ರ, ಅದೇ ಕ್ಯಾಸೆಟ್ಟು ಕ್ಯಾಮೆರಾಕ್ಕ ಹಾಕಿ ಮುಂದಿನ ಮದವಿ ಶೂಟಿಂಗ್ ಮಾಡ್ತಿದ್ದ. ಹಳೇದರ ಮ್ಯಾಲ ಹೊಸಾದು. ಎಲ್ಲ ಸ್ಟುಡಿಯೋದವರೂ ಹಂಗೇ ಮಾಡ್ತಾರಂತ. ಡಬ್ಬ್ಯಾಗ ಇದ್ದದ್ದು ಎಲ್ಲಿಗಿ ಹೋಗ್ತದ ಅಂತ ಅವರ ಭರವಸಾ. ಹಿಂಗಾಗಿ ಡಬ್ಬ್ಯಾಗ ಏನದ, ಅದು ಅಲ್ಲಿ ಮಾತ್ರ ಇರ್ತಿತ್ತು. ಇನ್ನೆಲ್ಲೂ ಇರ್ತಿದ್ದಿಲ್ಲ.

ಆಷಾಢದಾಗ ಕೊಳಕೂರದಾಗ ಒಂದು ಸಾವು ಆತು. ಚಂದಮ್ಮ ಅಂತ, ಇಪ್ಪತ್ತು ವರ್ಷದ ಸೊಸಿ. ಕಾಮಾಲಿ ಆಗಿ ಎಂಟು ದಿನದಾಗ ಹೋದ್ಳು. ಆಕಿ ತವರಮನಿ ಸರಸಂಬಾ, ಆಳಂದ ಕಡೆ. ಮೂರು ಬಸ್ ಬದಲಿ ಮಾಡಿ ಬರಬೇಕು. ಮಾವ ಚಂದ್ರಾಮಪ್ಪ ದೊಡ್ಡ ಮನಷ್ಯಾ, ದೊಡ್ಡ ಒಕ್ಕಲುತನ. ಸೊಸಿನ ನಾಕು ವರ್ಷದಿಂದ ತವರಿಗಿ ಒಮ್ಮಿನೂ ಕಳಿಸಿದ್ದಿಲ್ಲ. ಹಬ್ಬಕ್ಕ ಕರೀಲಿಕ್ಕೆ ಬಂದ ಅವ್ವನ ಹೊರಗಿನ ಕಟ್ಟಿಗೇ ಕುಂದ್ರಿಸಿ, ಮಗಳ ಮುಖಾ ತೋರಸದ ಹೊಳ್ಳಿ ಕಳಿಸ್ತಿದ್ದ. ಸತ್ತ ಮ್ಯಾಲ ಮಂದಿಗಿ ತೋರಸಾಕ ಭಜನಿ, ವಿಡಿಯೋ ಎಲ್ಲ ಹಚ್ಚಿಸಿದ.

ನಿಮಗ ಗೊತ್ತಲ್ಲ ನಮ್ಮ ಪದ್ಧತಿ. ಮುತ್ತೈದಿ ಸತ್ರ ತವರಿನವರು ಬರೂತನಕ ಮಣ್ಣು ಮಾಡಂಗಿಲ್ಲ. ಅವ್ವ ಬಂದು ತವರಸೀರಿ ಉಡಿಸಬೇಕು, ಉಡಿ ತುಂಬಬೇಕು, ಕಡೀ ಮುಖಾ ನೋಡಬೇಕು. ಆಮ್ಯಾಲ ಎತ್ತಬೇಕು. ಚಂದ್ರಾಮಪ್ಪ ಕಾಯಲಿಲ್ಲ. ಸರಸಂಬಾಕ್ಕ ಸುದ್ದಿ ಮುಟ್ಟಿಸಿದ್ದೇ ಮಧ್ಯಾಹ್ನ. ನಾಕು ಗಂಟೇಕ್ಕ ಎತ್ತಿಸಿಬಿಟ್ಟ. ಅವ್ವ ಅಂಬುಬಾಯಿ ಸೀರಿ ಗಂಟು ಹಿಡಕೊಂಡು ಕೊಳಕೂರಿಗಿ ಬಂದು ಇಳದಾಗ ದೀಪ ಹಚ್ಚ್ಯಾರ, ಮಂದಿ ಜಳಕಾ ಮಾಡಿ ಉಣ್ಣಾಕ ಕುಂತಾರ. ಆಕಿನ್ನ ಯಾರೂ ಒಳಗ ಕರೀಲಿಲ್ಲ.

ಅಲ್ಲೇ ಯಾರೋ ಒಬ್ರು ಆಕಿಗಿ ಹೇಳಿದ್ರು. ವಿಡಿಯೋ ಆಗ್ಯಾದ ಯವ್ವಾ, ಜೇವರ್ಗಿ ಶಾಂತಲಿಂಗಪ್ಪನ ಕಡೆ ಅದ, ಹೋಗಿ ಮುಖಾ ನೋಡು ಅಂತ.

ಆಕಿ ಬಂದ್ಳು. ಮಂದಿ ಹೊಲದಾಗ ಕಳೇ ತಗದು ದುಡಿಯೂ ಹೆಣ್ಮಗಳು, ಐವತ್ತರ ಮ್ಯಾಲ ವಯಸ್ಸು, ಒಂದು ಕಣ್ಣಾಗ ಪೊರಿ ಬಂದಿತ್ತು. ಮೊದಲ ಸಲ ಬಂದಾಗ ಕರೆಂಟ್ ಇಲ್ಲ, ಮುಂದಿನ ವಾರ ಬಾ ಅಂದ. ಎರಡನೇ ಸಲ ಬಂದಾಗ ಸ್ಟುಡಿಯೋಕ್ಕ ಕೀಲಿ. ಅಂವ ಶೂಟಿಂಗಿಗಿ ಹೋಗ್ಯಾನ. ಬಾಗಿಲ ಮುಂದ ಸಂಜಿತನಕ ಕುಂತು ಹೋದ್ಳು. ಮೂರು ಬಸ್ ಬರೂದು, ಮೂರು ಬಸ್ ಹೋಗೂದು. ನಾ ಅವಗ ಬೈದೆ. ಲೇ, ಹತ್ತು ಮಿನಿಟಿನ ಕೆಲಸ, ತೋರಿಸಿ ಕಳಸು ಅಂದೆ. ಡಬ್ಬ್ಯಾಗ ಅದ ಅಕ್ಕಾ, ಎಲ್ಲಿಗಿ ಹೋಗ್ತದ ಅಂದ.

ಮುಂದ ಹಣಮಂತರಾಯ ಅನ್ನೂ ಗೌಡರ ಮಗಳ ಮದವಿ ಬಂತು. ಮೂರು ದಿನದ ಮದವಿ. ಇಳಿಸಾಕ ಕುಂತ, ಅರ್ಧಾ ಆಗೂದ್ರಾಗ ಡಬ್ಬಿ ತುಂಬ್ತು. ಜಾಗಾ ಇಲ್ಲ ಅಂತ ಮಷಿನ್ ನಿಂತುಬಿಡ್ತು. ನೋಡಿದ, ಒಳಗ ಎರಡು ಮಣ್ಣಿನ ವಿಡಿಯೋ ಅವ. ಒಂದು ಅಫಜಲಪುರ ಕಡೆ ಸೊನ್ನದ್ದು, ಅವರು ನಾಳಿ ಒಯ್ಯಾಕ ಬರಾವರು. ಇನ್ನೊಂದು ಕೊಳಕೂರದ್ದು, ಚಂದ್ರಾಮಪ್ಪ ಎರಡು ತಿಂಗಳಾದ್ರೂ ಕೇಳಿದ್ದಿಲ್ಲ. ಖರೇನ ಅಳಿಸಲೇನು ಅಂತ ಮಷಿನ್ ಒಂದು ಮಾತು ಕೇಳ್ತದಂತ. ಇಂವ ಹೌದು ಅಂತ ಒತ್ತಿದ. ಚಂದಮ್ಮ ಹೋದ್ಳು. ಆಕಿ ಜಾಗಾದಾಗ ಗೌಡರ ಮಗಳ ಮದವಿ ಬಂದು ಕುಂತಿತು. ಅಂಬುಬಾಯಿ ನೆನಪ ಆಗಲಿಲ್ಲೇನು ಅಂತ ಆಮ್ಯಾಲ ಕೇಳಿದೆ. ಆಗಿತ್ತು ಅಕ್ಕಾ, ಆಕಿ ಇನ್ನ ಬರೂದಿಲ್ಲ ಅಂತ ತಿಳದೆ ಅಂದ.

ಮರುದಿನ ಸಂಜಿಗಿ ಆಕಿ ಬಂದ್ಳು.

ಅದೇ ಗಂಟು. ಹಸರ ಸೀರಿ, ಕುಬಸದ ಖಣ, ಅಕ್ಕಿ, ಉತ್ತತ್ತಿ, ಅರಿಷಿಣಬೇರು, ಕೊಬ್ಬರಿ ಬಟ್ಟಲ. ಮುಖಾ ನೋಡಿ ಟೀವಿ ಮುಂದೇ ಉಡಿ ತುಂಬಿ ಹೋಗ್ತೇನಿ ಅಂದ್ಳಂತ. ಶಾಂತಲಿಂಗಪ್ಪ ಆಕಿನ ಸ್ಟುಡಿಯೋದಾಗ ಕುಂದ್ರಿಸಿ ನಮ್ಮ ಮನಿಗಿ ಓಡಿ ಬಂದ. ಅಕ್ಕಾ ತಪ್ಪಾಗ್ಯಾದ ಅಂತ ಎಲ್ಲ ಹೇಳಿದ. ಸೊನ್ನದ ಹೆಣ್ಮಗಳದ್ದು ತೋರಸ್ತೇನಿ, ಅವರಿನ್ನೂ ಒಯ್ದಿಲ್ಲ, ಆಕಿಗಿ ಕಣ್ಣು ಮಂಜ ಅದ, ನೀ ಬಾಜೂಕ ಕುಂತು ಹೂಂ ಅನ್ನು ಅಂದ. ನಿನ್ನ ಹೊಟ್ಟ್ಯಾಗ ಕರಳ ಅದಾವೋ ಇಲ್ಲೋ ಅಂತ ಉಗಳಿದೆ. ಖರೇ ಹೇಳಿದ್ರ ಆಕಿ ಅಲ್ಲೇ ಎದಿ ಒಡಕೊಂಡು ಸಾಯ್ತಾಳ ಅಂದ. ನನಗೂ… ಹೌದನಿಸ್ತು. ನಾ ಅದನ್ನ ಕರುಣಾ ಅಂತ ತಿಳದೆ. ಹೋದೆ.

ಹತ್ತಕ್ಕ ಕರೆಂಟ್ ಬಂತು. ಡಬ್ಬಿ ಕಟ್, ಕಟ್, ಕರ್ರ್ ಅಂತು. ಟೀವ್ಯಾಗ ಚಿತ್ರ ಬಂತು. ಗ್ವಾಡಿಗಿ ಆನಿಸಿ ಕುಂದ್ರಿಸಿದ ಒಬ್ಬ ಹೆಣ್ಮಗಳು. ಹಣಿ ತುಂಬ ವಿಭೂತಿ. ಗದ್ದದತನ ಚೆಂಡು ಹೂವು. ತಲಿ ಮ್ಯಾಲ ಸೆರಗು. ಶಾಂತಲಿಂಗಪ್ಪ ದೂರದ ಚಿತ್ರಕ್ಕ ನಿಂದ್ರಿಸಿದ. ಅಂಬುಬಾಯಿ ಹತ್ರ ಸರದ್ಳು. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡಿದ್ಳು.

"ಇಕಿ ನನ್ನ ಮಗಳೇನ್ರಿ?" ಅಂದ್ಳು.

ಹೌದವ್ವ ಅಂದ ಅಂವ. ಮೈ ತುಂಬಿಕೊಂಡಾಳಲ್ಲ ಅಂದ್ಳು ಆಕಿ. ನಾಕು ವರ್ಷ ಆತಲ್ಲವ್ವ ಅಂದ. ಆಕಿ ಅವನ ಬಿಟ್ಟು ನನ್ನ ಕಡೆ ಹೊಳ್ಳಿದ್ಳು. ನನ್ನ ಕೈ ಹಿಡದ್ಳು. ಕೈ ಒರಟ, ತಣ್ಣಗ.

"ನೀ ಹೇಳು ಯವ್ವಾ. ನೀ ಹೆಣ್ಮಗಳು. ಇಕಿ ಚಂದಮ್ಮನೇನು?"

ನಾ ಅಂದೆ, "ಹೌದ್ರಿ. ಚಂದಮ್ಮನ."

ಏನು ನೋಡ್ತೀರಿ ನನ್ನ ಮಾರಿ? ಅಂದೆ. ನನ್ನ ಬಾಯಿಂದನೇ ಅಂದೆ.

ಆಕಿ ಟೀವಿ ಗಾಜಿಗಿ ಅರಿಷಿಣ ಕುಂಕುಮ ಹಚ್ಚಿದ್ಳು. ಬೆರಳು ತಾಗಿದಾಗೊಮ್ಮಿ ಗಾಜು ಚಟ್… ಚಟ್ ಅಂತಿತ್ತು. ಸೀರಿ ಬಿಚ್ಚಿ ಟೀವಿ ಮುಂದ ಹಾಸಿದ್ಳು, ಅದರಾಗ ಅಕ್ಕಿ, ಉತ್ತತ್ತಿ, ಬಟ್ಟಲ ಇಟ್ಟು ಉಡಿ ತುಂಬಿದ್ಳು. ಇನ್ನ ಮುಗೀತು ಅಂತ ಶಾಂತಲಿಂಗಪ್ಪ ಮಷಿನ್ ಬಂದ್ ಮಾಡಾಕ ಹೋದ. ತಡಿಯಪ್ಪಾ ಅಂದ್ಳು.

"ಮುಖಾ ಕಲಕೋತೇನಿ ತಡಿ. ಇಷ್ಟು ದಿನ ಹಳೇ ಮುಖಾನೇ ನೆನಸಾಕತ್ತಿದ್ದೆ. ಅದನ್ನ ಬಿಡ್ತೇನಿ. ಇನ್ನ ಇದನ್ನ ನೆನಸ್ತೇನಿ."

ಅರ್ಧಾ ತಾಸು ಕುಂತ್ಳು. ತುಟಿ ಅಲ್ಲಾಡಾಕತ್ತಿದ್ದವು. ಯಾರ ಹಡದ ಮಗಳೋ ಏನೋ, ಆಕಿ ಹುಬ್ಬು, ಮೂಗು, ಗಲ್ಲ ಎಲ್ಲ ಕಲಕೊಂಡ್ಳು. ನಾ ಬಾಜೂಕ ಕುಂತೇ ಇದ್ದೆ. ಒಮ್ಮಿ ಬಾಯಿ ತೆರದು ಹೇಳಿಬಿಡ್ಲೇನು ಅನಿಸ್ತು. ಹೇಳಲಿಲ್ಲ.

ಸೀರಿನ ಕೊಳಕೂರಿಗಿ ಹೋದಾಗ ಮಗಳನ್ನ ಮಣ್ಣು ಮಾಡಿದ ಗದ್ದಿಗಿ ಮ್ಯಾಲ ಹೊಚ್ಚು ಅಂತ ಅವನ ಕೈಯಾಗ ಕೊಟ್ಳು. ನಾಳಿ ಹೊಚ್ಚತೇನಿ ಅಂದ. ದಸರಾಕ್ಕ ಅವನ ಹೆಂಡ್ತಿ ಉಟ್ಟಿದ್ಳು ಅದನ್ನ. ಇರಲಿ. ನಾ ಅಂಬುಬಾಯಿನ ನಮ್ಮ ಮನಿಗಿ ಕರಕೊಂಡು ಬಂದು ರೊಟ್ಟಿ ಹಾಕಿದೆ. ಎರಡು ತಿಂಗಳಾದ ಮ್ಯಾಲ ಇವತ್ತು ನಿದ್ದಿ ಬರ್ತದ ಯವ್ವಾ ಅಂದ್ಳು. ಮಲಗಿದ್ಳು. ಗೊರಕಿ ಸುದ್ದಾ ಹೊಡದ್ಳು.

ಶಾಂತಲಿಂಗಪ್ಪ ಮಿಕ್ಕ ಕೆಲಸ ಮುಗಿಸಿ, ಡಬ್ಬಿ ಬಿಚ್ಚಿ ಚೀಲದಾಗ ಹಾಕ್ಕೊಂಡು ಹೊಂಟ. ಭಾವಿ ಹತ್ರ ಬಂದ. ಈಗ ತಿಳೀತೇನ್ರಿ, ಕೇಳಿದಾಕಿ ಯಾರು ಅಂತ?

"ನನ್ನ ಮುಖಾ ನೋಡಿದ್ಳೇನ್ರಿ?"

ಆಕಿ ಅವ್ವ ನಮ್ಮ ಪಡಸಾಲ್ಯಾಗ ಮಲಗಿದ್ದಳು. ಅಲ್ಲಿಂದ ನೂರು ಹೆಜ್ಜಿ. ಅಲ್ಲಿ ಅದಾಳ, ಹೋಗವ್ವ ಅಂತ ಒಂದು ಮಾತು ಅಂದಿದ್ರ ಮುಗೀತಿತ್ತು. ಇಂವ ಅಂಜಿ, ಪೀಡಾ ತೊಲಗಲಿ ಅಂತ, ಅಲ್ಲೂ ಅದೇ ಸುಳ್ಳ ಹೇಳಿದ.

"ನೋಡಿದ್ಳವ್ವ. ಕಣ್ಣ ತುಂಬ ನೋಡಿದ್ಳು. ಉಡಿನೂ ತುಂಬಿದ್ಳು."

ಕಟ್… ಕಟ್. ಆಮ್ಯಾಲ ಅದೇ ದನಿ, ಖುಷಿ ಆದಂಗ. "ಹಂಗಾದ್ರ ಊರಿಗಿ ಹೋಗ್ತೇನ್ರಿ ಅಣ್ಣಾರ." ಚೀಲದೊಳಗಿನ ಸಪ್ಪಳ ನಿಂತಿತು. ಹೆಗಲ ಮ್ಯಾಲಿನ ಭಾರ ಒಮ್ಮಿಗೇ ಹಗರ ಆತಂತ. ಕೈ ಹಾಕಿ ನೋಡಿದ, ಡಬ್ಬಿ ಅಲ್ಲೇ ಅದ.

ಮೂರು ದಿನ ಜ್ವರ ಬಂದು ಮಲಗಿದ. ಎದ್ದು ಕೆಲಸಕ್ಕ ಕುಂತ್ರ ಡಬ್ಬಿ ಜಾಗಾ ಇಲ್ಲ ಅಂತದ. ಮದವಿ ಕ್ಯಾಸೆಟ್ ಮಾಡಿ ಕೊಟ್ಟು ಅದನ್ನ ಅಳಿಸಿದ. ಸೊನ್ನದವರು ತಮ್ಮದು ಒಯ್ದಿದ್ರು, ಅದನ್ನೂ ಅಳಿಸಿದ. ಇದ್ದದ್ದೆಲ್ಲ ಅಳಿಸಿದ. ತೆರದು ನೋಡಿದ್ರ ಒಳಗ ಒಂದು ಹೆಸರೂ ಇಲ್ಲ, ಸಾಫ್. ಆದ್ರೂ ಎರಡು ತಾಸಿನ ಜಾಗಾ ಬಿಡವಲ್ದು. ಚಂದಮ್ಮನ ವಿಡಿಯೋ ಬರೋಬ್ಬರಿ ಎರಡು ತಾಸಿಂದು. ಆವಾಗ ನನ್ನ ಮುಂದ ಬಂದು ಕುಂತು ಭಾವಿ ಹತ್ರ ಆದದ್ದು ಹೇಳಿದ. ನಡಿ, ಏನರೆ ಮಾಡಿ ಆ ವಿಡಿಯೋ ತಗಸು, ಖರೇ ಮುಖಾ ತಗೊಂಡು ಹೋಗಿ ಆಕಿ ಅವ್ವನ ಕಾಲ ಬೀಳೂಣು ಅಂದೆ.

ಕಲಬುರ್ಗ್ಯಾಗ ಸಿಕಂದರ ಅಂತ ಕಂಪ್ಯೂಟರ್ ರಿಪೇರಿ ಮಾಡಾಂವ ಇದ್ದ. ಅವನ ದುಕಾನಿಗಿ ಹೋದ್ವಿ. ಅಳಿಸಿದ್ರ ಹೆಸರಷ್ಟೇ ಹೋಗ್ತದ ಅಕ್ಕಾರ, ಮಾಲ್ ಒಳಗೇ ಇರ್ತದ, ಆದ್ರ ಮ್ಯಾಲ ಬ್ಯಾರೇದು ಬರದ್ರ ಖತಮ್ ಅಂದ. ಇವರು ಮ್ಯಾಲ ಮದವಿ ಬರದಾರ, ಸಿಗೂದಿಲ್ಲ ಅಂದ. ಆದ್ರೂ ಹಚ್ಚಿ ನೋಡಿದ. ಎರಡು ತಾಸು ಕಟ್ ಕಟ್ ಅಂತು. ಸಿಕ್ತು. ಪೂರಾ ಸಿಕ್ತು. ಸಿಗಬಾರದಿತ್ತು ಇದು ಅಂತ ಸಿಕಂದರ ತಲಿ ಕೆರಕೊಂಡ.

ನಾ ನೋಡೀನಿ ಆ ವಿಡಿಯೋ. ಇವೇ ಕಣ್ಣಿಲೆ. ಕೊಳಕೂರಿನ ಪಡಸಾಲಿ. ಭಜನಿ ನಡದದ. ತಾಳದ ಸಪ್ಪಳ, ಹಾರ್ಮೋನಿ ಸಪ್ಪಳ. ಚಂದ್ರಾಮಪ್ಪ ಪಟಗಾ ಸುತ್ತಿಕೊಂಡು ನಿಂತಾನ. ಹೆಂಗಸರು ಅಳಾಕತ್ತಾರ, ಒಬ್ರಾದ ಮ್ಯಾಲ ಒಬ್ರು ಬಂದು ಹೂವು ಏರಸ್ತಾರ. ಹೂವು ಗ್ವಾಡಿ ತಾಗಿ ಕೆಳಗ ಬೀಳ್ತಾವ. ಗ್ವಾಡಿ ಮುಂದ ಹೆಣ ಕುಂದ್ರಸಾಕ ಬಿಳೀ ಬಟ್ಟಿ ಹಾಸಿದ ಮಣಿ. ಮಣಿ ಖಾಲಿ. ಎರಡೂ ತಾಸು ಖಾಲಿ.

"ಮಯ್ಯತ್… ಹೆಣ ಎಲ್ಲಿ ಐತ್ರಿ ಇದರಾಗ?" ಅಂದ ಸಿಕಂದರ.

ಆಕಿ ಊರಿಗಿ ಹೋಗ್ತೇನಿ ಅಂದಿದ್ಳಲ್ಲ… ಹೋಗಿದ್ಳು.

ಅಲ್ಲಿಂದ ಸೀದಾ ಆಳಂದ ಬಸ್ ಹತ್ತಿ ಸರಸಂಬಾಕ್ಕ ಹೋದ್ವಿ. ತೋರಸಾಕ ಮುಖಾ ಇಲ್ಲ, ಮಾತೆರೆ ಹೇಳೂಣು ಅಂತ. ದಾರಿ ತುಂಬ ನಾ ಅವಗ ಹೇಳಿಕೋತ ಹೋದೆ. ನೀ ಹೇಳಬೇಕು, ನಾನೂ ಹೇಳ್ತೇನಿ, ಇಬ್ಬರೂ ಸುಳ್ಳ ಹೇಳೀವಿ ಅಂತ. ಸಂಜಿ ಆಗಿತ್ತು ಮುಟ್ಟೂದ್ರಾಗ. ಅಂಬುಬಾಯಿ ತಮ್ಮನ ಮನಿ ಬಾಜೂಕ ಒಂದು ಖೋಲಿಯಾಗ ಇರ್ತಿದ್ಳು. ನಮ್ಮನ್ನ ನೋಡಿ ಆಕಿಗಿ ಸಂತೋಷ ಹಿಡೀಲಾರದಂಗ ಆತು. ಕಂಬಳಿ ಹಾಸಿದ್ಳು, ಚಹಾ ಕಾಸಿದ್ಳು. ತಮ್ಮನ ಹೆಂಡ್ತಿನ ಕರದು, ಇವರೇ ಬೇ ನನ್ನ ಮಗಳ ಮುಖಾ ತೋರಿಸಿದವರು ಅಂತ ನಮ್ಮ ಕಾಲಿಗಿ ಕೈ ಹಚ್ಚಾಕ ಬಂದ್ಳು.

ಶಾಂತಲಿಂಗಪ್ಪ ಬಾಯಿ ತೆರದ. ಅಷ್ಟ್ರಾಗ ಆಕಿನೇ ಅಂದ್ಳು, ನೀ ತೋರಸದಿದ್ರ ನಾ ಹುಚ್ಚಿ ಆಗ್ತಿದ್ದೆ ಅಪ್ಪಾ, ಈಗ ಕಣ್ಣ ಮುಚ್ಚಿದ್ರ ಸಾಕು, ಅದೇ ಮುಖಾ ಬಂದು ನಿಂದರ್ತದ ಅಂತ. ಅಂವ ಬಾಯಿ ಮುಚ್ಚಿದ. ನಾನೂ ಚಹಾ ಕುಡದೆ.

ಆಮ್ಯಾಲ ಆಕಿ ದನಿ ಇಳಿಸಿ ಹೇಳಿದ್ಳು. ನಿಮ್ಮಲ್ಲಿಂದ ಬಂದಾಗಿಂದ ದೀಪ ಹಚ್ಚೂ ಹೊತ್ತಿಗಿ ಒಬ್ಬಾಕಿ ಬರ್ತಾಳ. ಎಳೀ ವಯಸ್ಸು. ಹಳದಿ ಮಾರಿ. ಹೊಸ್ತಿಲ ಹೊರಗ ಕುಂದರ್ತಾಳ. ಯವ್ವಾ ಅಂತಾಳ. ರೊಟ್ಟಿ ಕೊಟ್ರ ಮುಟ್ಟೂದಿಲ್ಲ. ನೀ ನನ್ನ ಮುಖಾ ನೋಡಿದಿಯಲ್ಲ ಯವ್ವಾ, ಅಣ್ಣಾರು ಹೇಳ್ಯಾರ ಅಂತಾಳ. ನಾ ಎಲ್ಲಿ ನೋಡೀನ್ರಿ ಆಕಿನ? ಎಷ್ಟು ನೋಡಿದ್ರೂ ಗುರ್ತ ಹತ್ತವಲ್ದು. ಹತ್ರ ಕರೀಬೇಕಂದ್ರ ಅಂಜಿಕಿ ಬರ್ತದ.

ನಾ ಶಾಂತಲಿಂಗಪ್ಪನ ನೋಡಿದೆ. ಅಂವ ನೆಲ ನೋಡಾಕತ್ತಿದ್ದ. ಆವಾಗರೆ ಹೇಳಬೇಕಿತ್ತು. ನಾ ಹೇಳಬೇಕಿತ್ತು. ಆಕಿ ಮಾರಿ ಮ್ಯಾಲ ಅಷ್ಟು ಸಮಾಧಾನ ಇತ್ತು, ನಾ ಚಹಾದ ಕಪ್ ಕೆಳಗ ಇಟ್ಟು ಎದ್ದು ನಿಂತೆ. ಬಸ್ ತಪ್ಪತದ ಹೊಂಡ್ರಿ, ಆಕಿ ಬರೂ ಹೊತ್ತೂ ಆತು ಅಂತ ಅಂಬುಬಾಯಿ ನಮ್ಮನ್ನ ಕಳಿಸಿ ಬಾಗಿಲ ಹಾಕ್ಕೊಂಡ್ಳು.

ನಾವು ಐದಾರು ಹೆಜ್ಜಿ ಹೋಗಿರಬೇಕು. ಹಿಂದ ಬಾಗಿಲದ ಸರಪಳಿ ಬಡದ ಸಪ್ಪಳ. ಠಣ್… ಠಣ್.

ಒಳಗಿಂದ ಅಂಬುಬಾಯಿ ದನಿ ಕೇಳಿಸ್ತು. ಬೇಡಾಕ ಬಂದವರಿಗಿ ಹೇಳ್ತಾರಲ್ಲ, ಹಂಗ.

"ಮುಂದಿನ ಮನಿಗಿ ಹೋಗವ್ವಾ. ನನ್ನ ಮಗಳನ್ನ ನಾ ಉಡಿ ತುಂಬಿ ಕಳಸೀನಿ."

ನಾ ಹೊಳ್ಳಿ ನೋಡಿದೆ. ಬಾಗಿಲ ಮುಂದ ಯಾರೂ ಇದ್ದಿದ್ದಿಲ್ಲ. ಗಾಳಿನೂ ಇದ್ದಿದ್ದಿಲ್ಲ. ನನ್ನ ಮಕ್ಕಳ ಆಣಿ ಮಾಡಿ ಹೇಳ್ತೇನಿ, ಖರೇ ಅದ ಇದು. ನಾ ನೋಡ್ತಾ ನಿಂತಿದ್ದೆ, ಸರಪಳಿ ಮೂರನೇ ಸಲ ಬಡೀತು.